ಮಂಚದ ಫೈಲಿನಲ್ಲಿ ಉಳಿದುಹೋದವರು

ನಮ್ಮ ಚಿಕ್ಕಮ್ಮನಿಗೆ ಕಚೇರಿಯವರು ಇಟ್ಟ ಹೆಸರು ಚಿಲಕಮ್ಮ. ಮನೆಯಿಂದ ಹೊರಟರೆ ಬೀಗ ಹಾಕಿ, ಜಗ್ಗಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗದಿದ್ದರೆ ಅವಳಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ನಾನು ಅವಳ ಅಕ್ಕನ ಮಗಳು, ಅವಳ ಜೊತೆಗೇ ಇರುವವಳು. ನಾನು ಸ್ನಾನದ ಮನೆಯಲ್ಲಿದ್ದೇನೆ ಎಂಬುದನ್ನು ಮರೆತು ಅವಳು ಬೀಗ ಜಡಿದು ಹೋದದ್ದುಂಟು. ಅವಳಿಗೆ ಮದುವೆಯಾಗಿರಲಿಲ್ಲ. ಕಾಲ ಕೂಡಿ ಬರಲಿಲ್ಲ ಎಂದು ನನ್ನಮ್ಮ ನಿಟ್ಟುಸಿರು ಬಿಡುತ್ತಿದ್ದಳು. ಕಾಲವೇನೋ ಬಂದು ಬಾಗಿಲು ತಟ್ಟಿರಬೇಕು, ಇವಳು ಚಿಲಕ ತೆಗೆದಿರಲಿಲ್ಲ ಎಂಬುದು ನನ್ನ ವಾದ.

ಅವಳ ಕೆಲಸ ಪೀಠೋಪಕರಣದ ಕಂಪನಿಯೊಂದರಲ್ಲಿ. ಅವರು ಬೀರುವನ್ನು ಬೀರುವಾಗಿ ಮಾರುವುದಿಲ್ಲ. ಹಲಗೆಗಳನ್ನು ಪೆಟ್ಟಿಗೆಗೆ ತುಂಬಿ, ಒಂದು ಚೀಲ ಸ್ಕ್ರೂ ಹಾಕಿ, ಮೇಲೊಂದು ತೆಳ್ಳನೆಯ ಪುಸ್ತಕ ಇಟ್ಟು, ನೀವೇ ಜೋಡಿಸಿಕೊಳ್ಳಿ ಎಂದು ಕಳಿಸುತ್ತಾರೆ. ಆ ಪುಸ್ತಕ ಬರೆಯುವವಳು ಚಿಕ್ಕಮ್ಮ. ಊರಿನ ಗಂಡ ಹೆಂಡತಿಯರಲ್ಲಿ ಅರ್ಧ ಜನ ಅವಳ ಪುಸ್ತಕ ಹಿಡಿದುಕೊಂಡೇ ಜಗಳವಾಡಿದ್ದಾರೆ.

ಅವಳು ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುತ್ತಿದ್ದವರು ಸ್ಕ್ರೂ ಮೇಷ್ಟ್ರು. ಹಿಂದೆ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದವರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮರಗೆಲಸ ಅರೆದು ಕುಡಿದಿದ್ದರೂ ಏನೂ ಗೊತ್ತಿಲ್ಲದವರ ಹಾಗೆ ನೆಲದ ಮೇಲೆ ಕೂತು ಪುಸ್ತಕ ಹೇಳಿದಷ್ಟನ್ನೇ ಮಾಡುವುದು ಅವರ ಉದ್ಯೋಗ. ಎಡವಿದ ಕಡೆ ಎದ್ದು ಹೋಗಿ ಅದೇ ಫೈಲು ತೆರೆದು, ಅವಳ ಸಾಲಿನ ಕೆಳಗೆ ಬರೆಯುತ್ತಿದ್ದರು. ‘ಇಲ್ಲಿ ಹೆಬ್ಬೆರಳು ಜಜ್ಜಿತು. ತಪ್ಪು ನಿಮ್ಮದಲ್ಲ, ಬೆರಳಿನದು.’ ‘ಈ ಸಾಲು ಓದಿ ಮೇಜು ತಲೆಕೆಳಗಾಗಿ ನಿಂತಿದೆ, ಆದರೂ ಚೆನ್ನಾಗಿದೆ.’ ಚಿಕ್ಕಮ್ಮ ಮನೆಗೆ ಬಂದು ಇವನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. ಎಂಥ ಮನುಷ್ಯ ನೋಡು ಎಂದು ಬೈಯುತ್ತಿದ್ದಳು. ಬೈಯುವಾಗ ಅವಳ ಕೆನ್ನೆ ಯಾಕೆ ಕೆಂಪಾಗುತ್ತದೆ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ನನ್ನ ಕೆನ್ನೆಯೂ ಕೆಂಪಾಗುತ್ತಿತ್ತು.

ಈಗ ಆ ಫೈಲಿನ ಬೀಗದ ವಿಷಯ. ಅದನ್ನು ನನಗೆ ತಿಳಿಸಿಕೊಟ್ಟವಳೂ ಅವಳೇ. ಎಲ್ಲರಿಗೂ ಸೇರಿದ ಫೈಲೊಂದನ್ನು ಒಬ್ಬರು ತೆರೆದ ಕೂಡಲೇ ಕಂಪ್ಯೂಟರು ಅದರ ಪಕ್ಕದಲ್ಲಿ ಇನ್ನೊಂದು ಪುಟಾಣಿ ಫೈಲು ಹುಟ್ಟಿಸುತ್ತದೆ. ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳದು, ಅಡಗಿ ಕೂತಿರುತ್ತದೆ. ಅದರ ಹೊಟ್ಟೆಯಲ್ಲಿ ಒಳಗೆ ಹೋದವರ ಹೆಸರಿರುತ್ತದೆ. ಇನ್ನೊಬ್ಬರು ತೆರೆಯಲು ಬಂದರೆ, ಇಂಥವರು ಒಳಗಿದ್ದಾರೆ, ನೀವು ಬೇಕಾದರೆ ಓದಿ, ತಿದ್ದಬೇಡಿ ಎಂದು ತಡೆಯುತ್ತದೆ. ಒಳಗಿದ್ದವರು ಫೈಲು ಮುಚ್ಚಿದರೆ ತಾನೂ ಅಳಿದುಹೋಗುತ್ತದೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಮನೆಯಲ್ಲಿ ಯಾರಿದ್ದಾರೆಂದು ತಿಳಿಯುತ್ತದಲ್ಲ, ಹಾಗೆ. ಆದರೆ ನಡುವೆ ಕರೆಂಟು ಹೋಯಿತೆನ್ನಿ, ಅಳಿಸುವವರಿಲ್ಲ. ಮನುಷ್ಯ ಬರಿಗಾಲಲ್ಲಿ ಮನೆ ಸೇರಿದರೂ ಚಪ್ಪಲಿ ಬಾಗಿಲಲ್ಲೇ ಉಳಿಯುತ್ತದೆ. ಆಗ ಆ ಅಡಗಿದ ಫೈಲನ್ನು ಹುಡುಕಿ ಅಳಿಸಿಬಿಟ್ಟರಾಯಿತು, ಚಿಟಿಕೆ ಹೊಡೆಯುವಷ್ಟರ ಕೆಲಸ.

ಆದರೆ ಆ ಕಚೇರಿಯಲ್ಲಿ ಅದನ್ನು ಅಳಿಸುವಂತಿರಲಿಲ್ಲ. ಹಿಂದೊಮ್ಮೆ ಕಂಪನಿಯ ಯಜಮಾನರು ಆತುರ ತಾಳದೆ, ಚಿಕ್ಕಮ್ಮ ಒಳಗಿದ್ದಾಗಲೇ ಅದನ್ನು ಅಳಿಸಿ ಚಪ್ಪಲಿ ಗೂಡಿನ ಪುಸ್ತಕದ ಫೈಲಿಗೆ ನುಗ್ಗಿದ್ದರು. ಇಬ್ಬರೂ ಒಟ್ಟಿಗೆ ತಿದ್ದಿದರು. ಯಜಮಾನರು ಕೊನೆಗೆ ಉಳಿಸಿದ್ದರಿಂದ ಚಿಕ್ಕಮ್ಮ ಬರೆದದ್ದೆಲ್ಲ ಕೊಚ್ಚಿಹೋಯಿತು. ಪುಸ್ತಕ ಅಚ್ಚಾಗಿ ಮನೆ ಮನೆಗೆ ಹೋಯಿತು. ಊರ ತುಂಬ ಗೂಡುಗಳ ಹಿಡಿಕೆ ಒಳಗೆ, ಚಪ್ಪಲಿ ಹೊರಗೆ. ಅಂದಿನಿಂದ ಯಜಮಾನರೇ ಕಟ್ಟಳೆ ಮಾಡಿದರು: ಯಾರೂ ಬೀಗದ ಫೈಲು ಮುಟ್ಟಕೂಡದು, ಫೈಲಿನ ಹೆಸರು ಹೇಳಿ ಒಳಗೆ ಯಾರಿದ್ದಾರೆಂದು ಕೂಗಬೇಕು, ಒಳಗಿದ್ದವರೇ ಹೊರಗೆ ಬರಬೇಕು. ಕಚೇರಿಯಲ್ಲಿ ದಿನವಿಡೀ ಬೀರುವಿನಲ್ಲಿ ಯಾರು, ಕಪಾಟಿನಲ್ಲಿ ಯಾರು ಎಂಬ ಕೂಗು. ಹೊಸಬರು ಬಂದರೆ ಹೆದರಿ ಓಡಬೇಕು, ಹಾಗಿತ್ತು.

ಹೀಗಿರುವಾಗ ಮೇಷ್ಟ್ರಿಗೆ ಬೇರೆ ಊರಿನ ಕಾರ್ಖಾನೆಯಿಂದ ಕರೆ ಬಂತು. ಒಂದು ವಾರ ಬಂದು ನೋಡಿ, ಒಗ್ಗಿದರೆ ಸಹಿ ಹಾಕಿ ಎಂದರಂತೆ. ಆಗ ಇಬ್ಬರ ಕೈಯಲ್ಲಿದ್ದದ್ದು ದೊಡ್ಡ ಮಂಚದ ಪುಸ್ತಕ, ಅರ್ಧವಾಗಿತ್ತು. ಹೊರಡುವ ದಿನ ಮಧ್ಯಾಹ್ನ ಅವರು ಮಂಚದ ಫೈಲಿನಲ್ಲಿ ಏನೋ ಬರೆಯುತ್ತಿದ್ದಾಗ ಕರೆಂಟು ಹೋಯಿತು. ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಚಿಕ್ಕಮ್ಮ ಬಾಗಿಲ ತನಕ ಹೋದಳು. ಹೋಗಬೇಡಿ ಎನ್ನಬೇಕೆಂದು ಬೆಳಗ್ಗೆಯಿಂದ ಬಾಯಿಪಾಠ ಮಾಡಿದ್ದಳು. ಬಾಯಿಂದ ಹೊರಟದ್ದು, ನಿಮ್ಮ ಕೊಡೆ ಮರೆತಿದ್ದೀರಿ ಎಂದು.

ಮನೆಗೆ ಬಂದು ಬೀಗವನ್ನೂ ಜಗ್ಗದೆ ಮಲಗಿದಳು. ಆಗ ನನಗೆ ನಿಜಕ್ಕೂ ಭಯವಾಯಿತು. ಆ ಮನುಷ್ಯ ಅಲ್ಲಿ ಸಹಿ ಹಾಕಿಬಿಟ್ಟರೆ ಇವಳು ಇನ್ನು ಯಾರಿಗೂ ಬಾಗಿಲು ತೆಗೆಯುವವಳಲ್ಲ.

ಸೋಮವಾರ ಮಂಚದ ಫೈಲು ತೆರೆದರೆ, ಒಳಗೆ ಸ್ಕ್ರೂ ಮೇಷ್ಟ್ರು ಇದ್ದಾರೆ ಎಂಬ ಸಂದೇಶ. ಯಜಮಾನರು ಅಚ್ಚಿಗೆ ತಡವಾಗುತ್ತಿದೆ, ಅಳಿಸಮ್ಮ ಎಂದರು. ಕಟ್ಟಳೆ ನಿಮ್ಮದೇ, ಚಪ್ಪಲಿ ಗೂಡು ನೆನಪಿದೆಯಲ್ಲ ಎಂದಳು ಚಿಕ್ಕಮ್ಮ. ಯಜಮಾನರು ಹಿಡಿಕೆ ನುಂಗಿದವರಂತೆ ತಮ್ಮ ಒಳಕೋಣೆಗೆ ನಡೆದರು. ಇವಳು ಎಲ್ಲರೆದುರಿಗೇ ಫೋನು ಮಾಡಿದಳು.

“ಮೇಷ್ಟ್ರೇ, ನೀವಿನ್ನೂ ಒಳಗೇ ಇದೀರಿ.”

“ಎಲ್ಲಿ?”

“ಮಂಚದಲ್ಲಿ.”

ಕಚೇರಿಯಲ್ಲಿ ಎಲ್ಲರ ತಲೆಯೂ ಇವಳ ಕಡೆ ತಿರುಗಿತಂತೆ. ಫೈಲಲ್ಲಿ, ಮಂಚದ ಫೈಲಲ್ಲಿ ಎಂದು ಇವಳು ತಿದ್ದುವಷ್ಟರಲ್ಲಿ ಅತ್ತಲಿಂದ ನಗು ಕೇಳಿತು. ಹಾಗಾದರೆ ನಾನೇ ಬಂದು ಹೊರಗೆ ಬರಬೇಕೋ ಎಂದು ಅವರು ಕೇಳಿದರು. ಪದ್ಧತಿ ಅದೇ ಎಂದಳು ಇವಳು. ಶನಿವಾರ ಬರುತ್ತೇನೆ ಎಂದು ಫೋನಿಟ್ಟರು.

ಆ ವಾರ ನಮ್ಮ ಮನೆ ಮನೆಯಾಗಿರಲಿಲ್ಲ. ಚಿಕ್ಕಮ್ಮ ಚಹಾಕ್ಕೆ ಉಪ್ಪು ಹಾಕಿದಳು, ಕುಡಿದಳು, ಚೆನ್ನಾಗಿದೆ ಎಂದಳು. ಕನ್ನಡಿಯ ಮುಂದೆ ನಿಂತು ಹಲಗೆಗಳ ಅಳತೆ ಹೇಳಿಕೊಂಡು ನಕ್ಕಳು. ಹಣ್ಣಂಗಡಿಯವನಿಗೆ ಹಣ್ಣು ತೂಗಿದ್ದಕ್ಕೆ ನಮಸ್ಕಾರ ಮಾಡಿ ಬಂದಳು. ಕಚೇರಿಯಲ್ಲಂತೂ ಯಜಮಾನರು ಮೇಷ್ಟ್ರ ಕಂಪ್ಯೂಟರಿನ ಹತ್ತಿರ ಸುಳಿದರೆ ಮರಿ ಕಾಯುವ ಕೋಳಿಯಂತೆ ರೆಕ್ಕೆ ಬಿಚ್ಚಿ ನಿಲ್ಲುತ್ತಿದ್ದಳಂತೆ.

ಶನಿವಾರ ಊಟದ ಡಬ್ಬಿ ಮರೆತಿದ್ದೀಯ ಎಂಬ ನೆಪ ಹೂಡಿ ನಾನೂ ಹೋದೆ. ಡಬ್ಬಿಯನ್ನು ಬೆಳಗ್ಗೆ ಅವಳ ಚೀಲದಿಂದ ತೆಗೆದಿಟ್ಟವಳು ನಾನೇ. ಮೇಷ್ಟ್ರು ಬಂದರು, ತಲೆ ಬಾಚಿತ್ತು, ಅಂಗಿ ಇಸ್ತ್ರಿಯಾಗಿತ್ತು, ಕಂಕುಳಲ್ಲಿ ಕೊಡೆಯಿತ್ತು. ತಮ್ಮ ಕಂಪ್ಯೂಟರಿನ ಮುಂದೆ ಕೂತು ಫೈಲು ಒತ್ತಿದರು. ಅದನ್ನು ನೀವೇ ಆಗಲೇ ತೆರೆದಿದ್ದೀರಿ, ಆದರೂ ತೆರೆಯಬೇಕೇ ಎಂದು ಅದು ಕೇಳಿತು. ನನ್ನನ್ನು ನಾನೇ ತಡೆದುಕೊಂಡು ಕೂತಿದ್ದೀನಲ್ಲ ಎಂದು ಅವರು ನಕ್ಕರು. ಆಮೇಲೆ ದನಿ ತಗ್ಗಿಸಿದರು.

“ಈ ಬೀಗದ ಫೈಲನ್ನ ಅಳಿಸಿದ್ರೆ ಆಗ್ತಿತ್ತು. ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು.”

“ನನಗೂ ಗೊತ್ತಿತ್ತು. ಫೋನಲ್ಲೇ ಹೇಳಬಹುದಿತ್ತು, ಹೇಳ್ಲಿಲ್ಲ.”

ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಚಿಕ್ಕಮ್ಮನ ಸಾಲಿತ್ತು, ಮಂಚವನ್ನು ಒಬ್ಬರೇ ಸುಲಭವಾಗಿ ಜೋಡಿಸಬಹುದು ಎಂದು. ಮೇಷ್ಟ್ರು ಅದರ ಕೆಳಗೆ, ಕರೆಂಟು ಹೋದ ದಿನ ಅರ್ಧಕ್ಕೆ ನಿಂತದ್ದನ್ನು ಬರೆದು ಮುಗಿಸಿದರು: ‘ಮಾಡಿ ನೋಡಿದೆ, ಆಗುವುದಿಲ್ಲ. ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು.’ ಉಳಿಸಿ ಫೈಲು ಮುಚ್ಚಿದರು. ಅಡಗಿದ್ದನ್ನೂ ತೋರಿಸುವಂತೆ ಅವರು ಮಾಡಿಕೊಂಡಿದ್ದರಿಂದ ಪಕ್ಕದಲ್ಲಿ ಮಸುಕಾಗಿ ಕಾಣುತ್ತಿದ್ದ ಪುಟಾಣಿ ಫೈಲು ನಮ್ಮ ಕಣ್ಣೆದುರೇ ಇಲ್ಲವಾಯಿತು.

ಚಿಕ್ಕಮ್ಮನ ಮುಖ ಇಳಿಯಿತು. ಕರೆಸಲು ಇದ್ದ ಒಂದೇ ಒಂದು ನೆಪ ಅದು. ಸೋಮವಾರ ಅವರು ಅಲ್ಲಿ ಸಹಿ ಹಾಕಬೇಕು. ಹೇಳೇ ಮಾರಾಯ್ತಿ ಎಂದು ನಾನು ಡಬ್ಬಿಯಿಂದ ಅವಳ ಬೆನ್ನಿಗೆ ತಿವಿದೆ. ಅವಳ ಕಣ್ಣು ಅವರ ಕೊಡೆಯ ಮೇಲೆ ಹೋಯಿತು. ಕೊಡೆ ಮರೆಯಬೇಡಿ ಎನ್ನುತ್ತಾಳೆಂದು ನಾನು ಹಣೆ ಚಚ್ಚಿಕೊಳ್ಳಲು ಸಿದ್ಧಳಾದೆ.

ಮೇಷ್ಟ್ರು ಅವಳ ಮುಖ ನೋಡಿದರು. ತಿರುಗಿ ಮಂಚದ ಫೈಲನ್ನು ಮತ್ತೆ ತೆರೆದರು. ಪುಟಾಣಿ ಫೈಲು ಮತ್ತೆ ಬಂತು. ಅದನ್ನು ಹಾಗೇ ಬಿಟ್ಟು ಕುರ್ಚಿಯಿಂದ ಎದ್ದರು.

“ಊಟಕ್ಕೆ ಹೋಗೋಣ ಬನ್ನಿ. ನಾನು ಒಳಗೇ ಇದೀನಿ ಅಂತಿರಲಿ.”

ಅಷ್ಟರಲ್ಲಿ ಒಳಕೋಣೆಯಿಂದ ಯಜಮಾನರ ಕೂಗು ಬಂತು, ಇನ್ನೂ ಮಂಚದ ಫೈಲಲ್ಲಿ ಯಾರಿದ್ದಾರೆ ಎಂದು.

“ನಮ್ಮನೆಯವರು” ಎಂದಳು ಚಿಕ್ಕಮ್ಮ.

ಹೇಳಿದ ಮೇಲೆ ಏನು ಹೇಳಿದೆನೆಂದು ಅವಳಿಗೆ ಗೊತ್ತಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಕೊಡೆಯನ್ನು ಅಲ್ಲೇ ಮೂಲೆಗೆ ಒರಗಿಸಿ ಅವಳಿಗಾಗಿ ಬಾಗಿಲು ತೆರೆದು ಹಿಡಿದರು.