ಪುಷ್ಪಳಿಗೊಂದು ಕೂಲರ್

ನನ್ನ ತಂಗಿ ಪುಷ್ಪಳಿಗೆ ಕಿಡ್ನಿಯಲ್ಲಿ ಕಲ್ಲಿದೆ ಎಂದು ಗೊತ್ತಾದ ವಾರವೇ ಸ್ಕೂಲ್ ಮೇಷ್ಟ್ರಾದ ನಾನು ಬಡಗಿಯಾದೆ.

ಇವೆರಡಕ್ಕೂ ಏನು ಸಂಬಂಧ ಅಂತೀರಾ? ಇದೆ. ಹಿಂದೂಪುರದ ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಕಲ್ಲು ಸಣ್ಣದು, ದಿನಾ ಮೂರು ಲೀಟರ್ ನೀರು ಕುಡಿದರೆ ತಾನೇ ಬೀಳುತ್ತೆ. ಕುಡಿಯದಿದ್ದರೆ ಬೆಳೆಯುತ್ತೆ, ಆಪರೇಷನ್ ಮಾಡಬೇಕಾಗುತ್ತೆ" ಎಂದಿದ್ದರು. ಪುಷ್ಪ ತಲೆಯಾಡಿಸಿದಳು. ಮಡಕಶಿರಕ್ಕೆ ವಾಪಸ್ ಬಂದು ಬಸ್ಸಿಳಿದ ಮೇಲೆ, "ಈ ಬಿಸ್ಲಾಗೆ ನೀರು ಕಾಯ್ಸಿದಂಗಿರ್ತೈತೆ, ಹೆಂಗಣ್ಣ ಕುಡಿಯೋದು?" ಎಂದಳು.

ನನಗೆ ಅಷ್ಟು ಸಾಕಾಯಿತು.

ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಹೊರದೇಶದವನೊಬ್ಬ ಹಳೆಯ ಹಲಗೆಗಳನ್ನು ಕೂಡಿಸಿ ನಾಲ್ಕು ಕಾಲಿನ ಪೆಟ್ಟಿಗೆ ಮಾಡಿ, ಐಸ್ ತುಂಬಿ, ಮನೆ ಮುಂದೆ ಇಟ್ಟುಕೊಂಡಿದ್ದ. (ಅವನ ಬಾಟಲಿಗಳಲ್ಲಿ ಇದ್ದದ್ದು ನೀರಲ್ಲ, ಆ ಮಾತು ಬೇರೆ.) ನಾನೂ ಯಾಕೆ ಮಾಡಬಾರದು?

ಮನೆಯಲ್ಲಿ ಫ್ರಿಜ್ ಇಲ್ಲವೇ? ಇದೆ, ಅಡುಗೆಮನೆಯಲ್ಲಿ. ಆದರೆ ಪುಷ್ಪ ಕೆಲಸಕ್ಕೆ ಹೋಗುವ ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ನಿಲ್ಲುವುದು ನಮ್ಮ ಮನೆ ಎದುರಿಗೆ. ಪುಷ್ಪ ಮತ್ತು ನಮ್ಮ ಬೀದಿಯ ಏಳೆಂಟು ಹೆಂಗಸರು ಬೆಳಿಗ್ಗೆ ಬಸ್ಸಿಗೆ ಕಾಯುವುದು ನಮ್ಮ ಜಗುಲಿಯ ಮೇಲೆ. ಒಳಗೆ ಬನ್ನಿ ಎಂದರೆ ಯಾರೂ ಬರುವುದಿಲ್ಲ. ಕಾಲಲ್ಲಿ ಚಪ್ಪಲಿ, ಕಣ್ಣು ರಸ್ತೆಯ ಮೇಲೆ. ಹಾಗಾಗಿ ನೀರೇ ಜಗುಲಿಗೆ ಬರಬೇಕು.

ಮರಕ್ಕೆ ಹುಡುಕಾಡಬೇಕಾಗಲಿಲ್ಲ. ಪುಷ್ಪಳ ಹಿತ್ತಲಲ್ಲಿ ರೇಷ್ಮೆಹುಳು ಸಾಕುತ್ತಿದ್ದ ಕಾಲದ ಸ್ಟ್ಯಾಂಡ್ ಬಿದ್ದಿತ್ತು. ಹಿಪ್ಪುನೇರಳೆ ತೋಟ ತೆಗೆದ ಮೇಲೆ ಅವಳು ಫ್ಯಾಕ್ಟರಿಗೆ ಸೇರಿದಳು, ಅವಳ ಗಂಡ ಸೆಂಟ್ರಿಂಗ್ ಕೆಲಸಕ್ಕೆ ಬೆಂಗಳೂರಿಗೆ ಹೋದ. ಸ್ಟ್ಯಾಂಡನ್ನು ಯಾರೂ ಕೇಳಿರಲಿಲ್ಲ.

ಮೊಳೆ ಕಿತ್ತೆ. ಹಲಗೆ ಕುಯ್ದೆ. ಬೆರಳು ಜಜ್ಜಿಕೊಂಡೆ. ಒಳಗೆ ತಗಡು ಹೊಡೆದು, ತಗಡಿಗೂ ಮರಕ್ಕೂ ನಡುವೆ ಥರ್ಮಾಕೋಲ್ ತುರುಕಿ, ತಳಕ್ಕೊಂದು ನಲ್ಲಿ ಕೂರಿಸಿದೆ. ಮುಚ್ಚಳಕ್ಕೆ ಮಾತ್ರ ತಗಡು ಸಾಲಲಿಲ್ಲ. ಸೋಮವಾರ ಬೆಳಿಗ್ಗೆ ಸೋಡಾ ಅಂಗಡಿಯಿಂದ ಐಸ್ ತಂದು ಹಾಕಿ, ನೀರು ತುಂಬಿ, ಎಲ್ಲರ ಕೈಗೂ ಲೋಟ ಕೊಟ್ಟೆ. "ತಣ್ಣಗೈತೆ ಮೇಷ್ಟ್ರೆ" ಎಂದರು. ನಾನು ಬೀಗಿದೆ.

ಗುರುವಾರದ ಹೊತ್ತಿಗೆ ಜಗುಲಿ ಪಕ್ಕದ ದಾಸವಾಳದ ಬುಡ ಕೆಸರಾಗಿತ್ತು. ನಾನು ಬೆನ್ನು ತಿರುಗಿಸಿದ ಕೂಡಲೇ ಎಲ್ಲರೂ ನೀರನ್ನು ಗಿಡಕ್ಕೆ ಚೆಲ್ಲುತ್ತಿದ್ದರು. ಪುಷ್ಪ ಕೂಡ.

ಮುಚ್ಚಳ ತೆಗೆದು ಮೂಸಿ ನೋಡಿದೆ. ಮೂಗು ಸುಟ್ಟಂತಾಯಿತು. ಫಾರ್ಮಲಿನ್! ಹುಳಕ್ಕೆ ರೋಗ ಬರಬಾರದೆಂದು ಪ್ರತಿ ಬೆಳೆಗೂ ಮುಂಚೆ ಸ್ಟ್ಯಾಂಡಿಗೆಲ್ಲ ಹೊಡೆಯುವ ಔಷಧಿ. ಆ ಮರ ವರ್ಷಗಟ್ಟಲೆ ಅದನ್ನು ಹೀರಿತ್ತು. ಹುಳು ಸಾಕುವ ಮನೆಯಲ್ಲೇ ಬೆಳೆದ ನನಗೆ ಇದು ಹೊಳೆಯಬೇಡವೇ? ತಂಗಿಯ ಕಲ್ಲು ಕರಗಿಸಲು ಹೋಗಿ ವಿಷ ಕುಡಿಸುತ್ತಿದ್ದೆನಲ್ಲ!

ಪೆಟ್ಟಿಗೆ ಬಿಚ್ಚಿ ಬಿಸಾಕಿದೆ. ಈ ಸಲ ಹಳೆಯ ಬಾಗಿಲ ಹಲಗೆ, ಒಳಗೆ ನಲ್ಲಿ ಇರುವ ಸ್ಟೀಲ್ ಕ್ಯಾನು, ಅದರ ಸುತ್ತ ಐಸು. ಮೂಸಿದೆ, ಕುಡಿದೆ, ಹೆಂಡತಿಗೂ ಕುಡಿಸಿದೆ. ಯಾವ ವಾಸನೆಯೂ ಇರಲಿಲ್ಲ.

ಮಾರನೆಯ ದಿನ ಮತ್ತೆ ದಾಸವಾಳಕ್ಕೆ ಅಭಿಷೇಕ.

ಸಿಟ್ಟು ಬಂತು. "ಇನ್ನೂ ವಾಸನೆ ಇದೆಯೇನಮ್ಮ?" ಎಂದು ಪುಷ್ಪಳನ್ನು ಕೇಳಿದೆ.

"ವಾಸ್ನೆನಾ? ಅವತ್ತೂ ನಮಗೆ ಗೊತ್ತಾಗ್ಲಿಲ್ಲ ಕಣಣ್ಣ. ಕುಡಿದಿದ್ರೆ ತಾನೆ ಗೊತ್ತಾಗೋದು?"

ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ಅವರಲ್ಲಿ ಹಿರಿಯಳಾದ ಗೌರಮ್ಮ ಮಾತ್ರ ನಗಲಿಲ್ಲ. "ಮೇಷ್ಟ್ರೆ, ನಮ್ ಲೈನಿಗೆಲ್ಲ ಒಂದೇ ಪಾಸು. ಬಾತ್‌ರೂಮಿಗೆ ಹೋಗೋರು ಅದ್ನ ಕುತ್ಗೆಗೆ ಹಾಕ್ಕಂಡು ಹೋಗ್ಬೇಕು. ಅವ್ರು ಬರೋಗಂಟ ಇನ್ನೊಬ್ರು ಏಳಂಗಿಲ್ಲ. ಎರಡ್ನೇ ಸಲ ಎದ್ರೆ ಸೂಪರ್‌ವೈಸರ್ ಎಲ್ರ ಮುಂದೆ ಹೆಸರಿಡಿದು ಕೂಗ್ತಾನೆ. ಅದ್ಕೇ ಬೆಳಗ್ಗೆ ಎದ್ದಾಗ್ಲಿಂದ ನಾವ್ಯಾರೂ ನೀರು ಮುಟ್ಟಲ್ಲ."

"ನಿಂಗೆ ಹೇಳಕ್ಕೆ ನಾಚ್ಕೆ ಆಗಿ ಬಿಸ್ಲು ಅಂದೆ" ಎಂದಳು ಪುಷ್ಪ.

"ನಾನು ಬಂದು ಮಾತಾಡ್ಲಾ?"

"ಬ್ಯಾಡ ಕಣಣ್ಣ. ನೀನು ಬಂದು ಹೋಗ್ತೀಯ. ದಿನಾ ಅಲ್ಲಿ ಕೂರೋಳು ನಾನು."

"ಹಂಗಾದ್ರೆ ಆಪರೇಷನ್ ಮಾಡಿಸ್ಕೊಳ್ತೀಯಾ?"

"ಆಪರೇಷನ್ ಅಂದ್ರೆ ರಜ ಕೊಡ್ತಾರೆ. ನೀರು ಕುಡಿಯಕ್ಕೆ ಯಾರು ಕೊಡ್ತಾರೆ?"

ಬಸ್ಸು ಬಂತು. ಹತ್ತಿ ಹೋದರು.

ಸೂಪರ್‌ವೈಸರನ್ನು ಬೈಯುವುದು ಸುಲಭ. ಮನಸ್ಸಿನಲ್ಲೇ ಚೆನ್ನಾಗಿ ಬೈದೆ ಕೂಡ. ಆಮೇಲೆ ಸ್ಕೂಲಿಗೆ ಹೋದೆ. ಮೂರನೇ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಿರುಬೆರಳೆತ್ತಿದಳು. "ಬೆಲ್ ಆಗ್ಲಿ, ಕೂತ್ಕೋ" ಎಂಬ ಮಾತು ನನ್ನ ಬಾಯಲ್ಲಿ ಆಗಲೇ ಸಿದ್ಧವಾಗಿತ್ತು. ಇಷ್ಟು ವರ್ಷ ಎಷ್ಟು ಮಕ್ಕಳಿಗೆ ಅದನ್ನೇ ಹೇಳಿದ್ದೇನೋ! ನಾಚಿಕೆಯಾಯಿತು. ಹೋಗಮ್ಮ ಎಂದೆ. ಅವಳು ನಂಬಲಾರದೆ ಒಂದು ಕ್ಷಣ ನಿಂತೇ ಇದ್ದಳು. (ತಡೆದುಕೊಂಡು ಕೂರುವುದನ್ನು ಕಲಿಸುವವರು ನಾವು, ಫ್ಯಾಕ್ಟರಿಗಳು ಆಮೇಲೆ ಬರುತ್ತವೆ.)

ಕೂಲರ್ ಈಗಲೂ ಜಗುಲಿಯ ಮೇಲಿದೆ. ವಾರವೆಲ್ಲ ಖಾಲಿ. ಭಾನುವಾರ ಮಾತ್ರ ಪುಷ್ಪ ಬಂದು ಅದರ ಪಕ್ಕದಲ್ಲೇ ಕೂತು ಲೋಟದ ಮೇಲೆ ಲೋಟ ನೀರು ಕುಡಿಯುತ್ತಾಳೆ, ಆರು ದಿನದ್ದನ್ನು ಒಂದೇ ದಿನ ಮುಗಿಸುವವಳ ಹಾಗೆ.

ಬಾಯಾರಿಕೆಯೇನೋ ಭಾನುವಾರದವರೆಗೆ ಕಾಯುತ್ತದೆ. ಕಲ್ಲು ಕಾಯುತ್ತದೆಯೇ?