ಪಾರ್ಕಿನ ಹಿಂದಿನ ಗೇಟು

ಕಬ್ಬಿಣದ ಗೇಟಿಗೆ ಕೀಲಿಕೈಯಿಂದ ಮೆಲ್ಲಗೆ ಬಡಿಯುವ ಸದ್ದು. ಟಿಣ್, ಟಿಣ್. ನಮ್ಮ ಅಡುಗೆಮನೆ ಕಿಟಕಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಅದಕ್ಕೆ ಮೊದಲು ಬೆಳಗಿನ ವಾಕಿಂಗ್‌ನವರನ್ನು ಹೊರಗೆ ಕಳಿಸಲು ವಾಚ್‌ಮನ್ ಊದುವ ವಿಸಲ್, ಮುಂದಿನ ದೊಡ್ಡ ಗೇಟಿಗೆ ಸರಪಳಿ ಸುತ್ತುವ ಗಲಾಟೆ. ಅವು ಬೀದಿಗೆಲ್ಲ ಕೇಳುವ ಸದ್ದುಗಳು. ಈ ಟಿಣ್ ಟಿಣ್ ಮಾತ್ರ ಕೆಲವರಿಗಷ್ಟೇ.

ಹಲಸೂರು ಮುಗಿದು ಇಂದಿರಾನಗರ ಶುರುವಾಗುವ ಕಡೆ ನಮ್ಮ ಪಾರ್ಕು. ಆಗೆಲ್ಲ ಹತ್ತಕ್ಕೆ ಬೀಗ ಹಾಕಿದರೆ ಸಂಜೆ ನಾಲ್ಕಕ್ಕೇ ತೆಗೆಯುವುದು. ಮಟಮಟ ಮಧ್ಯಾಹ್ನ ಪಾರ್ಕಿನಲ್ಲಿ ಕೂರುವವರು ಒಳ್ಳೆಯವರಲ್ಲ ಅಂತ ಯಾರೋ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದರು. ಆದರೆ ಮಾಲಿಗಳು ಎಲೆಕಸ ಸಾಗಿಸುವ ಹಿಂದಿನ ಪುಟ್ಟ ಗೇಟನ್ನು ನಮ್ಮ ವಾಚ್‌ಮನ್ ತೆಗೆದಿಟ್ಟು ಕೀಲಿಯಿಂದ ಬಡಿಯುತ್ತಿದ್ದ. ಮನೆಗೆಲಸದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ, ಹೊಂಗೆ ಮರದಡಿ ಬುತ್ತಿ ಬಿಚ್ಚಿ, ಉಂಡು, ಕಾಲು ಚಾಚಿ ಮಲಗುತ್ತಿದ್ದರು.

ಅವರಲ್ಲಿ ನಮ್ಮ ಮನೆಗೆ ಬರುವವಳೂ ಒಬ್ಬಳು. ಯಾದಗಿರಿ ಕಡೆಯವಳು. ಬೆಳಿಗ್ಗೆ ನಮ್ಮದೂ ಪಕ್ಕದ ಫ್ಲಾಟಿನದೂ, ಸಂಜೆ ಇನ್ನೆರಡು ಮನೆ. ನಡುವೆ ಬೈಯಪ್ಪನಹಳ್ಳಿಯ ಬಾಡಿಗೆ ರೂಮಿಗೆ ಹೋಗಿ ಬರುವಷ್ಟರಲ್ಲಿ ಹೊತ್ತೇ ಮುಗಿದುಹೋಗುತ್ತದೆ. ನಮ್ಮ ಹಾಲ್‌ನಲ್ಲೇ ಫ್ಯಾನ್ ಹಾಕ್ಕೊಂಡು ಮಲಕ್ಕೋ ಅಂದರೆ ನಗುತ್ತಿದ್ದಳು. "ಬ್ಯಾಡ್ರೀ ಅಮ್ಮಾರ. ನಿಮ್ಮ ಮನ್ಯಾಗ ಕುಂತ್ರ ಕಣ್ಣಿಗೆ ಬರೇ ಕೆಲಸನ ಕಾಣ್ತಾವ." ಅದಕ್ಕೆ ನಾನೇನು ಹೇಳಲಿ!

ವಾಚ್‌ಮನ್ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದು ಮುಚ್ಚಿದ ಮೇಲೆ ಈ ಗುತ್ತಿಗೆ ಕೆಲಸಕ್ಕೆ ಬಂದವನು. ಒಂದು ಸಲ ಕೇಳಿದ್ದೆ, ಯಾಕಪ್ಪಾ ಈ ರಿಸ್ಕ್ ತಗೋತೀಯ ಅಂತ.

"ಅಷ್ಟೊಂದು ನೆರಳು ಒಳಗಡೆ ಸುಮ್ನೆ ಬಿದ್ದಿರುತ್ತಲ್ಲಮ್ಮಾ," ಅಂದಿದ್ದ. ಆಮೇಲೆ ಆಚೀಚೆ ನೋಡಿ, "ಯಾರಿಗೂ ಹೇಳ್ಬೇಡಿ. ಇದೂ ಹೋದ್ರೆ ಅರವತ್ತು ದಾಟಿದೋನ್ನ ಇನ್ಯಾರು ತಗೋತಾರೆ?"

ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಕಾನ್ವೆಂಟ್ ಗೆಳತಿಗೂ. ಅವಳು ಸ್ಕೂಲಿನಲ್ಲಿ ಹೆಡ್ ಗರ್ಲ್, ಆಮೇಲೆ ಬ್ಯಾಂಕ್ ಆಫೀಸರ್, ರಿಟೈರ್ ಆದ ಮೇಲೆ ಇಡೀ ಏರಿಯಾಗೇ ಹೆಡ್ ಗರ್ಲ್. ಪಾರ್ಕು ದಿನವಿಡೀ ತೆಗೆದಿರಬೇಕು, ಅದಕ್ಕಾಗಿ ಪಾರ್ಕಿನೊಳಗೇ ಅಕ್ಕಪಕ್ಕದವರೆಲ್ಲ ಸೇರೋಣ, ಪಾಲಿಕೆಯ ಇಂಜಿನಿಯರನ್ನೂ ಕರೆಯೋಣ ಅನ್ನುವುದು ಅವಳದೇ ಐಡಿಯಾ. ವಾಲಂಟಿಯರ್ಸ್ ಅಂತ ನಾವು ಐದಾರು ಜನ. ನಾನು ಖುಷಿಯಿಂದಲೇ ಸೇರಿದೆ. ದೊಡ್ಡ ಗೇಟೇ ತೆರೆದರೆ ಆ ಮನುಷ್ಯ ಕದ್ದು ಬಡಿಯುವುದು ತಪ್ಪುತ್ತದಲ್ಲ ಅಂತ.

ಮೊದಲ ಮೀಟಿಂಗಿನಲ್ಲಿ ಅವಳು, "ಶನಿವಾರ ಬೆಳಿಗ್ಗೆ ಏಳೂವರೆ," ಅಂದಳು.

"ಏಳೂವರೆಗೆ ಗೇಟು ತೆಗೆದೇ ಇರುತ್ತಲ್ಲೇ!" ಅಂದೆ.

"ಮಧ್ಯಾಹ್ನ ಬಿಸಿಲು ಕಣೇ. ಆವಾಗ ಪಾರ್ಕಿಗೆ ಯಾರು ಬರ್ತಾರೆ? ಬಿ ಪ್ರಾಕ್ಟಿಕಲ್."

ಎಲ್ಲರೂ ಹೋ ಅಂತ ನಕ್ಕರು. ಅವಳು ಮಾತ್ರ ನಗದೆ ಏಳೂವರೆಯನ್ನು ಹೊಡೆದುಹಾಕಿ ಹನ್ನೆರಡು ಅಂತ ಬರೆದಳು.

ಮುಂದಿನ ಮೀಟಿಂಗ್ ಅವಳ ಸಿಟ್‌ಔಟಿನಲ್ಲಿ. ಮಜ್ಜಿಗೆ ಯಾರದು, ಜಮಖಾನ ಯಾರದು ಅಂತ ಹಂಚಿಕೊಳ್ಳುತ್ತಿದ್ದಾಗ, "ಲಿಸನ್, ಈಗ ನಮ್ಮ ಹತ್ರ ಪ್ರೂಫ್ ಇದೆ," ಅಂತ ಮೊಬೈಲ್ ತೋರಿಸಿದಳು. ಎದುರಿನ ಕಾಫಿ ಶಾಪಿನ ಮಹಡಿಯಿಂದ ತೆಗೆದ ಫೋಟೋ. ಮುಂದೆ ಬೀಗ ಬಿದ್ದ ಗೇಟು, ಒಳಗೆ ಮರದಡಿ ಏಳೆಂಟು ಹೆಂಗಸರು. ನಮ್ಮ ಮನೆಗೆಲಸದವಳ ಹಸಿರು ಸೀರೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಬೀಗ ಇದ್ರೂ ಹೇಗೋ ಒಳಗೆ ಬರ್ತಾರೆ, ಪಾಪ. ಅಷ್ಟು ನೀಡ್ ಇದೆ. ಗ್ರೂಪಿಗೆ ಹಾಕ್ಬಿಟ್ಟೆ."

"ಯಾವ ಗ್ರೂಪಿಗೆ?"

"ಏರಿಯಾ ಗ್ರೂಪಿಗೆ. ಎಲ್ಲರೂ ನೋಡ್ಲಿ ಅಂತ."

"ಈಗಲೇ ಡಿಲೀಟ್ ಮಾಡೇ. ಪ್ಲೀಸ್."

"ವೈ? ಚೆನ್ನಾಗೇ ಬಂದಿದೆಯಲ್ಲ?"

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಮೊಬೈಲಿಗೇ ಮೆಸೇಜ್ ಬಂತು. ನಿವಾಸಿಗಳ ಸಂಘದ ಸೆಕ್ರೆಟರಿಯದು. ಮಧ್ಯಾಹ್ನ ಪಾರ್ಕ್ ತೆಗೆಯಲೇಬಾರದು ಅನ್ನುವವರಲ್ಲಿ ಅವರೇ ಮೊದಲಿಗರು. ಬೀಗ ಹಾಕಿದ ಪಾರ್ಕಿನೊಳಗೆ ಇವರನ್ನು ಬಿಡುತ್ತಿರುವವರು ಯಾರು, ಶನಿವಾರ ಇಂಜಿನಿಯರ್ ಎದುರಿಗೇ ಕೇಳುತ್ತೇನೆ, ವಾಚ್‌ಮನ್‌ನ ಕಾಂಟ್ರಾಕ್ಟರನ್ನೂ ಕರೆಸುತ್ತೇನೆ ಅಂತ.

ಗೆಳತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

"ಮೊದಲೇ ಹೇಳ್ಬಾರದಿತ್ತೇನೇ?"

"ಹೇಳಿದ್ರೆ ನೀನು ಅವನನ್ನ ಸ್ಟೇಜಿಗೆ ಕರೆದು ಶಾಲು ಹೊದಿಸ್ತಿದ್ದೆ."

ಇಲ್ಲ ಅನ್ನಲಿಲ್ಲ ಅವಳು. ಕ್ಯಾನ್ಸಲ್ ಮಾಡೋಣ ಅಂದೆ. "ಮಾಡಿದ್ರೂ ಆ ಸೆಕ್ರೆಟರಿ ಕೇಳೋದು ಬಿಡ್ತಾರಾ? ನಡೆದ್ರೆ ನಾವಾದ್ರೂ ಅಲ್ಲಿರ್ತೀವಿ," ಅಂದಳು. ಅದೂ ನಿಜವೇ.

ಸಂಜೆ ವಾಚ್‌ಮನ್‌ಗೆ ವಿಷಯ ತಿಳಿಸಲು ಹೋದರೆ ಅವನಿಗೆ ಆಗಲೇ ಗೊತ್ತಾಗಿತ್ತು. ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದವನು ತಿರುಗಿಯೂ ನೋಡಲಿಲ್ಲ. "ಒಂದೇ ಒಂದು ಉಪಕಾರ ಮಾಡಿ ಅಮ್ಮಾ. ಯಾರೂ ನನ್ ಪರವಾಗಿ ಮಾತಾಡ್ಬೇಡಿ. ಪರವಾಗಿ ಮಾತಾಡಿದ್ರೇನೇ ಎಲ್ರಿಗೂ ಗೊತ್ತಾಗೋದು."

ಆ ವಾರ ಹಿಂದಿನ ಗೇಟು ತೆರೆಯಲಿಲ್ಲ. ನಮ್ಮವಳು ಬಸ್ ಸ್ಟಾಪಿನಲ್ಲಿ ಸೆರಗು ತಲೆಗೆ ಹೊದ್ದು ಕೂತಿರುವುದನ್ನು ನೋಡಿದೆ. ಮುಖ ತಪ್ಪಿಸಿ ರಸ್ತೆ ದಾಟಿಬಿಟ್ಟೆ.

ಶನಿವಾರ ಇಂಜಿನಿಯರ್ ಅನುಮತಿ ಪಡೆದು ದೊಡ್ಡ ಗೇಟು ತೆಗೆಸಿ ಶಾಮಿಯಾನ ಹಾಕಿಸಿದೆವು. ಜನ ಬಂದರು, ನಾವಂದುಕೊಂಡದ್ದಕ್ಕಿಂತ ಹೆಚ್ಚೇ ಬಂದರು. ಮುಂದೆ ಕುರ್ಚಿಗಳಲ್ಲಿ ನಾವು, ಹಿಂದೆ ಜಮಖಾನದ ಮೇಲೆ ಕೆಲಸದ ಹೆಂಗಸರು. ವಾಚ್‌ಮನ್ ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಗೇಟಿನ ಪಕ್ಕ, ಟೋಪಿ ಕೈಯಲ್ಲಿ. ಗೆಳತಿ ಸ್ವಾಗತ ಮುಗಿಸುವುದನ್ನೇ ಕಾಯುತ್ತಿದ್ದ ಸೆಕ್ರೆಟರಿ ಎದ್ದು ಫೋಟೋವನ್ನು ಇಂಜಿನಿಯರ್ ಮುಂದೆ ಹಿಡಿದರು.

ಇಂಜಿನಿಯರ್ ಚಿಕ್ಕ ವಯಸ್ಸಿನವರು. ವಾಚ್‌ಮನ್ ಕಡೆ ತಿರುಗಿ, "ಕೀಲಿ ಯಾರ ಹತ್ರ ಇರುತ್ತೆ?" ಅಂದರು.

"ನನ್ ಹತ್ರ ಸಾರ್."

"ಮತ್ತೆ ಇವರು ಒಳಗೆ ಹೇಗೆ ಬಂದ್ರು?"

ಅವನು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸತೊಡಗಿದ. ಕಾಂಟ್ರಾಕ್ಟರ್ ಅವನನ್ನೇ ನೋಡುತ್ತಿದ್ದ.

ಆಗ ಹಿಂದಿನಿಂದ ಹಸಿರು ಸೀರೆ ಎದ್ದು ನಿಂತಿತು. "ನಾವು ಗ್ವಾಡಿ ಜಿಗದು ಬಂದೀವ್ರಿ ಸಾಹೇಬ್ರ."

"ಆ ಗೋಡೆಯನ್ನ? ಸೀರೆ ಉಟ್ಕೊಂಡು?" ಅಂದರು ಸೆಕ್ರೆಟರಿ.

"ಮೊದ್ಲ ಬುತ್ತಿ ಒಗೀತೀವ್ರಿ. ಆಮ್ಯಾಗ ನಾವು."

ಪಕ್ಕದಲ್ಲಿದ್ದ ಹಲಸೂರಿನ ತಮಿಳಿನವಳು, "ಆಮಾ ಸಾರ್, ನಾನೂ ಹಾರಿದೆ," ಅಂತ ಎದ್ದಳು. ನಾನೂ, ನಾನೂ ಅಂತ ಮತ್ತಿಬ್ಬರು.

ಸೆಕ್ರೆಟರಿ ಮುಖ ಕೆಂಪಾಯಿತು. "ಯಾರಾದ್ರೂ ಮರ್ಯಾದಸ್ಥರು ಕಣ್ಣಾರೆ ನೋಡಿದ್ದಾರಾ?"

ನನ್ನ ಮಂಡಿ ಲಟಕ್ ಅಂತು. ಎದ್ದುಬಿಟ್ಟಿದ್ದೆ. "ನಾನು ನೋಡಿದ್ದೀನಿ. ದಿನಾ ನೋಡ್ತೀನಿ," ಅಂದೆ. ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ಕಾನ್ವೆಂಟಿನ ಯಾವ ಸಿಸ್ಟರ್ ಕಲಿಸಿದ್ದರೋ!

ಮೈಕ್ ಇನ್ನೂ ಗೆಳತಿಯ ಕೈಯಲ್ಲೇ ಇತ್ತು. ಇನ್ನೊಂದು ಕೈಯಲ್ಲಿ ವಾಕಿಂಗ್ ಸ್ಟಿಕ್. ಹೋಮ್‌ವರ್ಕ್ ವಿಷಯಕ್ಕೂ ಸುಳ್ಳಾಡದವಳು ಗಂಟಲು ಸರಿಮಾಡಿಕೊಂಡು, "ಆಕ್ಚುಲಿ, ನಾನೂ ಒಂದು ಸಲ ಹಾರಿದ್ದೀನಿ," ಅಂದಳು.

ಶಾಮಿಯಾನವೇ ನಕ್ಕಿತು. ಇಂಜಿನಿಯರ್ ಅವಳ ಸ್ಟಿಕ್ಕನ್ನೊಮ್ಮೆ ನೋಡಿ, ನಗು ಕಚ್ಚಿ ಹಿಡಿದು, "ನೀವೆಲ್ಲ ಹಾರೋ ಹಾಗಿದ್ರೆ ಕಷ್ಟ ಮೇಡಂ. ಯಾರಾದ್ರೂ ಬಿದ್ದು ಕಾಲು ಮುರ್ಕೊಂಡ್ರೆ ನನ್ ತಲೆಗೆ ಬರುತ್ತೆ. ಗೇಟು ತೆಗೆದಿಡೋದೇ ವಾಸಿ. ಒಂದು ತಿಂಗಳು ನೋಡೋಣ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಂಟ್ರಾಕ್ಟರ್ ತಟ್ಟಲಿಲ್ಲ. ವಾಚ್‌ಮನ್‌ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ ಬೈಕ್ ಹತ್ತಿ ಹೋದ. ಆ ನೋಟ ನನಗೆ ಹಿಡಿಸಲಿಲ್ಲ.

ಆ ಒಂದು ತಿಂಗಳು ಹಾಗೇ ಮುಂದುವರಿಯಿತು, ಗೇಟು ಇವತ್ತಿಗೂ ತೆಗೆದೇ ಇದೆ. ನಾನು ಮಂಡಿ ಆಪರೇಷನ್ನಿಗೆ ಅಂತ ತಂಗಿಯ ಮನೆಗೆ ಹೋಗಿ ವಾಪಸ್ ಬಂದಾಗ ಅಲ್ಲಿ ಬೇರೆ ವಾಚ್‌ಮನ್ ಇದ್ದ. "ವಯಸ್ಸಾದೋರ್ನೆಲ್ಲಾ ಬಿಡಿಸ್ಯಾರಂತ್ರಿ ಅಮ್ಮಾರ," ಅಂದಳು ನಮ್ಮವಳು. ಆ ಫೋಟೋದಿಂದಲೋ, ವಯಸ್ಸಿನಿಂದಲೋ? ಗೆಳತಿ ಕಾಂಟ್ರಾಕ್ಟರಿಗೆ ಎಷ್ಟೋ ಸಲ ಫೋನ್ ಮಾಡಿದಳು. ಅವನು ಎತ್ತಲೇ ಇಲ್ಲ.

ನಾನು ಆ ಹಳೇ ವಾಚ್‌ಮನ್‌ನನ್ನು ಕೊನೆಯ ಸಲ ನೋಡಿದ್ದು ಆಪರೇಷನ್ನಿಗೆ ಹೋಗುವ ಹಿಂದಿನ ದಿನ. ಒಳ್ಳೇ ಮಧ್ಯಾಹ್ನ. ಹೆಂಗಸರು ಆಚೆ ಮಲಗಿದ್ದರು. ಅವನು ಹೊಂಗೆ ನೆರಳಿನ ಬೆಂಚಿನ ಮೇಲೆ ಟಿಫನ್ ಬಾಕ್ಸ್ ಬಿಚ್ಚಿಕೊಂಡು ಕೂತಿದ್ದ. ನನ್ನ ಹೆಜ್ಜೆ ಸದ್ದಿಗೆ ಗಾಬರಿಯಿಂದ ಎದ್ದು ನಿಂತ. ಕೈಯಲ್ಲಿ ಇನ್ನೂ ಅನ್ನ.

"ಕೂತ್ಕೊಳಪ್ಪಾ, ನಾನೇ," ಅಂದೆ.

ಅವನು ನನ್ನನ್ನು ನೋಡಿದ, ಹಾರುಹೊಡೆದಿದ್ದ ಗೇಟನ್ನು ನೋಡಿದ. "ಹೌದಲ್ವಾ," ಅಂತ ತನಗೆ ತಾನೇ ಅಂದುಕೊಂಡು ಮತ್ತೆ ಕೂತ. ಊಟ ಮುಗಿಸಿ ಕೈತೊಳೆದವನು ಬಗ್ಗಿ, ನಿಧಾನವಾಗಿ, ಬೂಟಿನ ಲೇಸು ಬಿಚ್ಚತೊಡಗಿದ.