ನಾಲ್ಕನೆಯ ಎಡೆ

ಇಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ದೆವ್ವ, ಹಿರಿಯರ ಆತ್ಮ ಎಂದರೆ ‘ನಾನ್‌ಸೆನ್ಸ್’ ಎಂದು ತಳ್ಳಿಹಾಕುವುದೇ ರೂಢಿ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಹತ್ತು ವರ್ಷಗಳ ಹಿಂದಿನ ಮಾತು. ಹಿರಿಯರ ಹಬ್ಬಕ್ಕೆಂದು ರಾಣೆಬೆನ್ನೂರಿನಿಂದ ಬ್ಯಾಡಗಿಗೆ, ತಮ್ಮನ ಮನೆಗೆ ಹೋಗಿದ್ದೆ. ತೀರಿಕೊಂಡವರ ಹೆಸರಿಗೊಂದರಂತೆ ಬಾಳೆಲೆಯಲ್ಲಿ ಎಡೆ ಇಡುವುದು ನಮ್ಮಲ್ಲಿ ವಾಡಿಕೆ. ಅಜ್ಜ, ಅಜ್ಜಿ, ಅಪ್ಪ, ಹೀಗೆ ಮೂರೇ ಎಡೆ. ತಮ್ಮನ ಹೆಂಡತಿಯ ಕೈಗೆ ಪ್ಲಾಸ್ಟರ್ ಹಾಕಿದ್ದರಿಂದ ಆ ವರ್ಷ ಬಡಿಸುವ ಕೆಲಸ ನನಗೆ ಬಂತು. ನಾನು ನಾಲ್ಕು ಇಟ್ಟಿದ್ದೆ.

“ಅಕ್ಕಾರ, ಕಾನ್ವೆಂಟಿನಾಗ ಎಣಸಾಕ ಕಲಿಸಲಿಲ್ಲೇನ್ರಿ?” ಎಂದು ಆಕೆ ನಕ್ಕಳು. ಸಾರಿ ಎಂದು ಒಂದನ್ನು ತೆಗೆದೆ. ಹೋಳಿಗೆ ತರಲು ಒಳಗೆ ಹೋಗಿ ಬಂದವಳು ಮತ್ತೆ ನಾಲ್ಕನೆಯ ಎಲೆ ಹಾಸಿ ಬಡಿಸುತ್ತಿದ್ದೆ. ಅದರ ಪರಿವೆಯೇ ನನಗಿರಲಿಲ್ಲ. ಮಂಚದ ಮೇಲಿದ್ದ ಅವ್ವ, ಅದು ಯಾರಿಗೆ ಎಂದು ಕೇಳಿದಳು.

“ನೀಲವ್ವಗ,” ಎಂದೆ. ಆ ಹೆಸರನ್ನು ಅಲ್ಲಿಯವರೆಗೆ ನಾನು ಕೇಳಿಯೇ ಇರಲಿಲ್ಲ.

ಅವ್ವ ಬಹಳ ಹೊತ್ತು ಅತ್ತಳು. ನೀಲವ್ವ ಅಪ್ಪನ ಅಕ್ಕನಂತೆ. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಮನಸ್ಸಿಗೆ ಬಂದವನೊಡನೆ ಗಳಗನಾಥದ ಕಡೆ ಸಂಸಾರ ಹೂಡಿದಳು. ಆಕೆಯ ಹೆಸರು ಎತ್ತಬಾರದು, ಸತ್ತರೂ ಎಡೆ ಇಡಬಾರದು ಎಂದು ಅಜ್ಜ ಮನೆಮಂದಿಯಿಂದ ಆಣೆ ಮಾಡಿಸಿದ್ದ. ನಾನು ಹುಟ್ಟುವ ಮೊದಲೇ ಆಕೆ ಹೆರಿಗೆಯಲ್ಲಿ ತೀರಿಕೊಂಡ ಸುದ್ದಿ ಬಂತು. ಗೆಳತಿಯಂತಿದ್ದ ಗಂಡನ ಅಕ್ಕನಿಗೆ ಒಂದು ತುತ್ತು ಇಡಲಾರದೆ ಅವ್ವ ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಒಳಗೇ ಬೆಂದಿದ್ದಳು.

ತಮ್ಮ ಅಡ್ಡಬಂದ. ಅಜ್ಜನ ಆಣೆಯನ್ನು ಅವನ ಎಡೆಯ ಮುಂದೆಯೇ ಮುರಿಯುವುದೇ ಎಂದ. ಅವ್ವ ಗೋಡೆ ಹಿಡಿದು ಎದ್ದು ಬಂದಳು.

“ಈಗ ಈ ಮನ್ಯಾಗ ಹಿರೇಕಿ ನಾನ ಅದೀನಿ. ಅವಗ ಸಿಟ್ಟು ಬಂದ್ರ ಉಣ್ಣದ ಹೋಗಲಿ. ನೀಲವ್ವ ಉಣ್ತಾಳ.”

ತನ್ನ ಟ್ರಂಕಿನಿಂದ ಹೊಸ ಇಳಕಲ್ ಸೀರೆ ತೆಗೆಸಿ ಆ ಎಡೆಯ ಮುಂದಿಟ್ಟಳು. ನೀಲವ್ವನ ಹೆಸರು ಹಿಡಿದು ಓಣಿಗೆಲ್ಲ ಕೇಳುವಂತೆ ಕರೆದಳು. ತಮ್ಮ ಕೈಮುಗಿದ. ಅವ್ವನ ಮುಖದಲ್ಲಿ ಅಂಥ ಗೆಲುವನ್ನು ನಾನು ಎಂದೂ ಕಂಡಿರಲಿಲ್ಲ.

ಮಗುವಾಗಿದ್ದಾಗ ಯಾರ ಬಾಯಲ್ಲೋ ಕೇಳಿರಬೇಕು, ಸಬ್‌ಕಾನ್ಶಿಯಸ್ ಎಂದು ಓದಿದವರು ಹೇಳುತ್ತಾರೆ. ಇರಬಹುದು. ಆದರೆ ನಮ್ಮ ಮನೆಯಲ್ಲಿ ಒಬ್ಬರೂ ಆ ಹೆಸರು ಎತ್ತಿರಲಿಲ್ಲವೆಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಈಗ ನಮ್ಮಲ್ಲಿ ಐದು ಎಡೆ. ಅವ್ವನದು ನೀಲವ್ವನ ಪಕ್ಕದಲ್ಲಿ.